ಗೋಡೆ, ಗುಡುಗು, ಟಿ.ವಿ.: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸ ಟಿ.ವಿ. ಕೊಳ್ಳುವ ಬಗ್ಗೆ, ಕೊಂಡದ್ದನ್ನು ಕಾಪಾಡುವ ಬಗ್ಗೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ. ಮಾದರಿಗಳು ಆರು ತಿಂಗಳಿಗೊಮ್ಮೆ ಬದಲಾಗುವುದರಿಂದ ಯಾವ ಕಂಪನಿಯದ್ದು ಕೊಳ್ಳಬೇಕೆಂದು ಹೇಳಿಲ್ಲ. ನಿಮ್ಮ ಕೋಣೆ, ಗೋಡೆ, ಕರೆಂಟು, ನೋಡುವ ಕಾರ್ಯಕ್ರಮ ಇವು ಬದಲಾಗುವುದಿಲ್ಲ. ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ಪ್ರಶ್ನೆ: ಅಂಗಡಿಗೆ ಹೋದರೆ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಎನ್ನುತ್ತಾರೆ. ವ್ಯತ್ಯಾಸ ಏನು? ನಮ್ಮಲ್ಲಿ ಬೆಳಗಿನಿಂದ ರಾತ್ರಿವರೆಗೆ ವಾರ್ತೆ ಚಾನೆಲ್ ಓಡುತ್ತಲೇ ಇರುತ್ತದೆ.
— ನಿವೃತ್ತ ಅಧ್ಯಾಪಕರು, ಬದಿಯಡ್ಕ

ಎಲ್‌ಇಡಿ ಎಂದು ಮಾರುವ ಟಿ.ವಿ. ಅಸಲಿಗೆ ಎಲ್‌ಸಿಡಿ ಟಿ.ವಿ.ಯೇ. ಎಲ್‌ಸಿಡಿ ಪದರಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಚುಕ್ಕಿ ಚುಕ್ಕಿಯಾಗಿ ಬಿಡುವುದು, ತಡೆಯುವುದು ಅಷ್ಟೇ ಅದರ ಕೆಲಸ. ಹಳೆಯ ಎಲ್‌ಸಿಡಿಗಳಲ್ಲಿ ಆ ಬೆಳಕು ಸಪೂರದ ಟ್ಯೂಬ್‌ಗಳಿಂದ ಬರುತ್ತಿತ್ತು, ಈಗ ಎಲ್‌ಇಡಿ ಪಟ್ಟಿಗಳಿಂದ ಬರುತ್ತದೆ. ಹೆಸರು ಬದಲಾದದ್ದು ಇಷ್ಟಕ್ಕೇ.

ಕ್ಯೂಎಲ್‌ಇಡಿಯಲ್ಲಿ ಈ ಬ್ಯಾಕ್‌ಲೈಟಿನ ಮುಂದೆ ಕ್ವಾಂಟಮ್ ಡಾಟ್ ಎಂಬ ಇನ್ನೊಂದು ಪದರ ಇರುತ್ತದೆ. ಕೆಂಪು, ಹಸಿರು ಹೆಚ್ಚು ಶುದ್ಧವಾಗಿ ಬರುತ್ತವೆ. ಆದರೆ ಕಪ್ಪು ಮೊದಲಿನಷ್ಟೇ ಕಪ್ಪು. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಬಹಳ ಸಣ್ಣವು, ಬಹಳ ಹೆಚ್ಚು. ಅವನ್ನು ವಲಯಗಳಾಗಿ ಮಾಡಿ, ಚಿತ್ರದಲ್ಲಿ ಕತ್ತಲಿರುವ ಕಡೆ ದೀಪವನ್ನೂ ತಗ್ಗಿಸುತ್ತಾರೆ. ಇದಕ್ಕೆ ಲೋಕಲ್ ಡಿಮ್ಮಿಂಗ್ ಎನ್ನುತ್ತಾರೆ. "ಎಷ್ಟು ವಲಯ ಇದೆ?" ಎಂದು ಅಂಗಡಿಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಆ ಹೆಸರಿಗಾಗಿ ಹೆಚ್ಚಿನ ಹಣ ಕೊಡಬೇಡಿ. ಓಎಲ್‌ಇಡಿ ಮಾತ್ರ ಬೇರೆಯೇ ಜಾತಿ. ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಪೂರ್ತಿ ಆರುತ್ತದೆ. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಅದನ್ನು ಮೀರಿದ್ದಿಲ್ಲ.

ನಿಮ್ಮ ಮನೆಗೆ ಓಎಲ್‌ಇಡಿ ಬೇಡ. ಚಾನೆಲಿನ ಲಾಂಛನ, ಕೆಳಗಿನ ಕೆಂಪು ಪಟ್ಟಿ ದಿನಕ್ಕೆ ಎಂಟು ಹತ್ತು ಗಂಟೆ ಒಂದೇ ಜಾಗದಲ್ಲಿ ನಿಂತರೆ ಆ ಭಾಗದ ಚುಕ್ಕಿಗಳು ಬೇಗ ಸವೆಯುತ್ತವೆ. ಒಂದೆರಡು ವರ್ಷದಲ್ಲಿ ಬೇರೆ ಕಾರ್ಯಕ್ರಮ ನೋಡುವಾಗಲೂ ಆ ಪಟ್ಟಿಯ ನೆರಳು ಕಾಣಿಸಬಹುದು. ಸಾಧಾರಣ ಎಲ್‌ಇಡಿ ಅಥವಾ ಕ್ಯೂಎಲ್‌ಇಡಿ ನಿಮಗೆ ಸಾಕು.

ಎಚ್‌ಡಿಆರ್ (ಚಿತ್ರದ ತೀರಾ ಹೊಳೆಯುವ ಭಾಗವನ್ನೂ ಕತ್ತಲಿನ ಭಾಗವನ್ನೂ ಒಟ್ಟಿಗೆ ಸ್ಪಷ್ಟವಾಗಿ ತೋರಿಸುವ ಗುಣ) ಎಂಬ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಪರದೆಯ ಹೊಳಪು 250–300 ನಿಟ್ಸ್ ಇದ್ದರೆ ಆ ಟಿ.ವಿ. ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತದೆ, ತೋರಿಸುವ ಶಕ್ತಿ ಅದಕ್ಕಿಲ್ಲ. ಆ ಗುಣ ಕಣ್ಣಿಗೆ ಕಾಣಬೇಕಾದರೆ ಸುಮಾರು 600 ನಿಟ್ಸ್ ಆದರೂ ಬೇಕು.

ಪ್ರಶ್ನೆ: ಸೋಫಾದಿಂದ ಟಿ.ವಿ.ಗೆ 8 ಅಡಿ ದೂರ. 43 ಇಂಚು ಸಾಕೇ, 55 ಬೇಕೇ? ತಮ್ಮನ ಮನೆಯಲ್ಲಿ 55 ಇಂಚಿನ 4ಕೆ ತಂದಿದ್ದಾರೆ, ಹಳೆಯ ಡಬ್ಬಾ ಟಿ.ವಿ.ಗಿಂತಲೂ ಮಸುಕು ಕಾಣುತ್ತದೆ.
— ಗೃಹಿಣಿ, ನೀರ್ಚಾಲು

ತಮ್ಮನ ಟಿ.ವಿ. ಕೆಟ್ಟದ್ದಲ್ಲ. ಅದಕ್ಕೆ ಬರುತ್ತಿರುವ ಚಿತ್ರ ಸಣ್ಣದು. ಮಾಮೂಲಿ ಎಸ್‌ಡಿ ಚಾನೆಲಿನಲ್ಲಿ 576 ಗೆರೆಗಳಷ್ಟೇ ಇರುತ್ತವೆ. ಎಚ್‌ಡಿ ಚಾನೆಲಿನಲ್ಲಿ 1080, 4ಕೆ ಪರದೆಯಲ್ಲಿ 2160. 576 ಗೆರೆಯ ಚಿತ್ರವನ್ನು 55 ಇಂಚಿಗೆ ಹಿಗ್ಗಿಸಿದರೆ ಒಂದೊಂದು ಗೆರೆಗೂ ಮಿಲಿಮೀಟರಿಗಿಂತ ಹೆಚ್ಚು ದಪ್ಪ ಬರುತ್ತದೆ. ಸಾಧಾರಣ ದೃಷ್ಟಿಯವರಿಗೆ ಆ ಒರಟುತನ ಮಾಯವಾಗಬೇಕಾದರೆ ಸುಮಾರು 13 ಅಡಿ ದೂರ ಕೂರಬೇಕು. ಅದೇ ಚಿತ್ರಕ್ಕೆ 43 ಇಂಚಿನಲ್ಲಿ ಹತ್ತೂವರೆ ಅಡಿ, 32 ಇಂಚಿನಲ್ಲಿ 8 ಅಡಿ ಸಾಕು. ಹಳೆಯ ಸಣ್ಣ ಟಿ.ವಿ.ಯಲ್ಲಿ ಚೆನ್ನಾಗಿ ಕಂಡದ್ದು ಹೊಸ ದೊಡ್ಡದರಲ್ಲಿ ಮಸುಕಾಗುವುದು ಈ ಲೆಕ್ಕದಿಂದ.

ಆದ್ದರಿಂದ ಮೊದಲು ಕೇಬಲಿನ ಅಥವಾ ಡಿಶ್‌ನ ಸೆಟ್‌ಟಾಪ್ ಬಾಕ್ಸ್ ನೋಡಿ. ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ವಯರಿನಲ್ಲಿ ಟಿ.ವಿ.ಗೆ ಜೋಡಿಸಿದ್ದರೆ ಎಚ್‌ಡಿ ಬರುವ ಮಾತೇ ಇಲ್ಲ. ಎಚ್‌ಡಿ ಬಾಕ್ಸ್, ಎಚ್‌ಡಿಎಂಐ ಕೇಬಲ್, ಚಂದಾದಲ್ಲಿ ಎಚ್‌ಡಿ ಚಾನೆಲ್, ಈ ಮೂರೂ ಇರಬೇಕು. ಜತೆಗೆ ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಔಟ್‌ಪುಟ್ 1080ಐ ಎಂದಿರಬೇಕು. ಎಚ್‌ಡಿ ಬಾಕ್ಸ್ ಇದ್ದೂ ಔಟ್‌ಪುಟ್ 576ರಲ್ಲೇ ಉಳಿದಿರುವ ಮನೆಗಳು ಎಷ್ಟೋ ಇವೆ. ತಮ್ಮನ ಮನೆಯಲ್ಲಿ ಇದನ್ನು ಒಮ್ಮೆ ನೋಡಿಸಿ, ಖರ್ಚಿಲ್ಲದೆ ಸರಿಯಾದರೂ ಆದೀತು.

ನಿಮ್ಮ 8 ಅಡಿಗೆ: ಎಚ್‌ಡಿ ಚಾನೆಲ್ ಮತ್ತು ಇಂಟರ್‌ನೆಟ್ ಸಿನಿಮಾ ಹೆಚ್ಚಾದರೆ 50 ಅಥವಾ 55, ಎಸ್‌ಡಿಯೇ ಮುಂದುವರಿಯುವುದಾದರೆ ತುಸು ಒರಟು ಕಂಡರೂ 43, ಅದಕ್ಕಿಂತ ದೊಡ್ಡದು ಬೇಡ. ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳತೆ ಎಂಬುದು ನೆನಪಿರಲಿ. 43ರ ಪರದೆ ಸುಮಾರು 95 ಸೆಂ.ಮೀ. ಅಗಲ, 54 ಎತ್ತರ. 55ರದು ಸುಮಾರು 122 ಅಗಲ, 69 ಎತ್ತರ. ಹಳೆಯ ಪೇಪರ್ ಅಂಟಿಸಿ ಅಷ್ಟಳತೆಗೆ ಕತ್ತರಿಸಿ ಗೋಡೆಗೆ ಹಚ್ಚಿ ಎರಡು ದಿನ ನೋಡಿ. ಶೋಕೇಸಿನ ಗೂಡಿನಲ್ಲಿ ಇಡುವವರಂತೂ ಇದನ್ನು ಮಾಡಲೇಬೇಕು.

ಪ್ರಶ್ನೆ: ನಮ್ಮದು ಉದ್ದದ ಚಾವಡಿ. ಕೆಲವರು ಟಿ.ವಿ. ಎದುರು, ಕೆಲವರು ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಪಕ್ಕದವರಿಗೆ ಬಣ್ಣ ಬಿಳಿಚಿದಂತೆ ಕಾಣುತ್ತದೆ. ಹೊಸತು ಕೊಳ್ಳುವಾಗ ಏನು ನೋಡಬೇಕು?
— ಕೃಷಿಕರು, ವರ್ಕಾಡಿ

ಎಲ್‌ಸಿಡಿ ಪದರಗಳಲ್ಲಿ ಮುಖ್ಯವಾಗಿ ಎರಡು ಬಗೆ, ವಿಎ ಮತ್ತು ಐಪಿಎಸ್. ವಿಎ ಪರದೆಯಲ್ಲಿ ಬಿಳಿ ಕಪ್ಪಿಗಿಂತ ಮೂರು ನಾಲ್ಕು ಸಾವಿರ ಪಟ್ಟು ಹೊಳೆಯುತ್ತದೆ, ಐಪಿಎಸ್‌ನಲ್ಲಿ ಸುಮಾರು ಸಾವಿರ ಪಟ್ಟು. ರಾತ್ರಿ ದೀಪ ಆರಿಸಿ ನೋಡಿದರೆ ಐಪಿಎಸ್‌ನ ಕಪ್ಪು ಬೂದಿಬಣ್ಣ ಎನಿಸುತ್ತದೆ. ಆದರೆ ಪಕ್ಕದಿಂದ ನೋಡಿದಾಗ ಬಣ್ಣ ಉಳಿಸಿಕೊಳ್ಳುವುದು ಐಪಿಎಸ್. ನಿಮ್ಮ ಚಾವಡಿಗೆ ಅದೇ ಸರಿ. ಎಲ್ಲರೂ ಎದುರಿಗೇ ಕೂರುವ ಕೋಣೆಗೆ ವಿಎ.

ತೊಂದರೆ ಏನೆಂದರೆ ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದು ಅಪರೂಪ. ಒಂದೇ ಮಾದರಿಯಲ್ಲಿ 43 ಇಂಚಿನದು ಒಂದು ಬಗೆ, 50 ಇಂಚಿನದು ಇನ್ನೊಂದು ಬಗೆ ಇರುವುದೂ ಉಂಟು. ಕೊಳ್ಳಬೇಕೆಂದಿರುವ ಅಳತೆಯ ಸೆಟ್ಟನ್ನೇ ಹಾಕಿಸಿ, ಎದುರಿನಿಂದ ನೋಡಿ, ಮತ್ತೆ ನಿಮ್ಮ ಬೆಂಚು ಇರುವಷ್ಟು ಓರೆಗೆ ಹೋಗಿ ನಿಂತು ನೋಡಿ. ಅಂಗಡಿಯವರ ಡೆಮೊ ವಿಡಿಯೊದಲ್ಲಿ ಬರೇ ಹೂವು, ಗಿಳಿ, ಹಣ್ಣು. ಅದರಲ್ಲಿ ಯಾವ ಟಿ.ವಿ.ಯೂ ಚೆಂದವೇ. ಮನೆಯಲ್ಲಿ ನೀವು ನೋಡುವಂಥದ್ದನ್ನು, ಒಂದು ಮದುವೆ ವಿಡಿಯೊ, ಒಂದು ರಾತ್ರಿ ಆಟದ ತುಣುಕು, ಎಂಪಿ4 ರೂಪದಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಎಫ್‌ಎಟಿ32 ರೀತಿಯ ಪೆನ್‌ಡ್ರೈವಿನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಐದು ನಿಮಿಷದ ತುಣುಕು ಧಾರಾಳ ಸಾಕು.

ಪ್ರಶ್ನೆ: ಹೊಸ ಟಿ.ವಿ.ಯಲ್ಲಿ ಯಕ್ಷಗಾನ ಹಾಕಿದರೆ ಬಣ್ಣದ ವೇಷದ ಮುಖ ಬರೇ ಕೆಂಪು ಮುದ್ದೆ. ಅಂಗಡಿಯಲ್ಲಿ ಎಷ್ಟು ಚೆನ್ನಾಗಿತ್ತು!
— ಆಟದ ಅಭಿಮಾನಿ, ಕುಂಬಳೆ

ಅಂಗಡಿಯ ಟ್ಯೂಬ್‌ಲೈಟುಗಳ ಬೆಳಕನ್ನು ಗೆಲ್ಲಬೇಕೆಂದು ಟಿ.ವಿ.ಯನ್ನು ವಿವಿಡ್ ಅಥವಾ ಡೈನಮಿಕ್ ಎಂಬ ಮೋಡಿನಲ್ಲಿ ಇಟ್ಟಿರುತ್ತಾರೆ. ಬಣ್ಣವೂ ಹೊಳಪೂ ತುದಿಗೆ ಏರಿರುತ್ತವೆ. ಮನೆಗೆ ಬಂದ ಮೇಲೂ ಅದೇ ಉಳಿದಿದ್ದರೆ ಕೆಂಪಿನ ಮೇಲೆ ಕೆಂಪು ಬಿದ್ದು ಗೆರೆಗಳೆಲ್ಲ ಅಳಿಸಿಹೋಗುತ್ತವೆ.

ಬಣ್ಣದ ವೇಷದ ಮುಖವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ವೇಷಧಾರಿ ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿಯ ಸಾಲಿದೆಯಲ್ಲ, ಆ ಬಿಳಿ ಮೊನೆಗಳು ಒಂದೊಂದಾಗಿ ಎಣಿಸುವಂತೆ ಕಾಣಬೇಕು. ಮುಖ ಹತ್ತಿರದಿಂದ ಕಾಣುವ ಒಳ್ಳೆಯ ವಿಡಿಯೊ ಒಂದನ್ನು ಅಲ್ಲಿಗೆ ನಿಲ್ಲಿಸಿ. ಪಿಕ್ಚರ್ ಮೋಡನ್ನು ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಎಂಬುದಕ್ಕೆ ಹಾಕಿ. ಮೊದಲ ಎರಡು ದಿನ ಹಳದಿ ಛಾಯೆ ಅನಿಸುತ್ತದೆ, ಕಣ್ಣು ಒಗ್ಗಿದ ಮೇಲೆ ಹಳೆಯ ಮೋಡ್ ನೀಲಿಯಾಗಿತ್ತೆಂದು ಗೊತ್ತಾಗುತ್ತದೆ. ಆಮೇಲೆ ಕಲರ್ 50ರ ಆಸುಪಾಸಿಗೆ ತನ್ನಿ. ಶಾರ್ಪ್‌ನೆಸ್ ಇಳಿಸುತ್ತಾ ಬನ್ನಿ. ಅದು ಹೆಚ್ಚಾದಾಗ ಪ್ರತಿ ಚಿಟ್ಟಿಯ ಸುತ್ತ ಒಂದು ಸುಳ್ಳು ಬಿಳಿ ಅಂಚು ಕಾಣುತ್ತದೆ, ಆ ಅಂಚು ಮಾಯವಾದ ಜಾಗದಲ್ಲಿ ನಿಲ್ಲಿಸಿ. ಬಿಳಿ ಮೊನೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೆ ಕಾಂಟ್ರಾಸ್ಟ್ ಎರಡು ಮೂರು ಅಂಕ ತಗ್ಗಿಸಿ. ಕಿರೀಟದ ಹಿಂದಿನ ಕಪ್ಪು ಪರದೆಯ ಮಡಿಕೆಗಳು ಕಾಣದಿದ್ದರೆ ಬ್ರೈಟ್‌ನೆಸ್ ಒಂದೆರಡು ಅಂಕ ಏರಿಸಿ.

ಬ್ರೈಟ್‌ನೆಸ್ ಮತ್ತು ಬ್ಯಾಕ್‌ಲೈಟ್ ಬೇರೆ ಬೇರೆ. ಹಲವು ಟಿ.ವಿ.ಗಳಲ್ಲಿ ಮೊದಲನೆಯದು ಕಪ್ಪಿನ ಮಟ್ಟ, ಎರಡನೆಯದು ದೀಪದ ಪ್ರಕಾಶ. ಬ್ಯಾಕ್‌ಲೈಟ್ 100ರಲ್ಲಿದ್ದರೆ ರಾತ್ರಿ ಹೊತ್ತು 50–60ಕ್ಕೆ ಇಳಿಸಿ. ಕಣ್ಣಿಗೆ ಹಿತ, ಕರೆಂಟು ಉಳಿತಾಯ, ದೀಪದ ಪಟ್ಟಿಗಳಿಗೆ ಹೆಚ್ಚು ಆಯಸ್ಸು.

ದಿಗಿಣ ಹಾಕುವಾಗ ಸುತ್ತ ನೀರು ಕದಡಿದಂತೆ ಕಂಡರೆ ಮೋಷನ್ ಸ್ಮೂತಿಂಗ್ ಎಂಬುದನ್ನು ಆಫ್ ಮಾಡಿ. ಕಂಪನಿಗೊಂದು ಹೆಸರು ಇರುತ್ತದೆ, ಮೋಷನ್ ಎಂಬ ಪದ ಹುಡುಕಿದರೆ ಸಿಗುತ್ತದೆ. ಎರಡು ಚಿತ್ರಗಳ ನಡುವೆ ಟಿ.ವಿ. ತಾನೇ ಊಹಿಸಿ ಇನ್ನೊಂದು ಚಿತ್ರ ಸೇರಿಸುವುದರಿಂದ ಹಾಗಾಗುವುದು. ಹಳೆಯ ಕ್ಯಾಸೆಟ್ಟಿನಿಂದ ಏರಿಸಿದ ಆಟಗಳು ಮಾತ್ರ ಯಾವ ಸೆಟ್ಟಿಂಗಿಗೂ ಸ್ಪಷ್ಟವಾಗುವುದಿಲ್ಲ.

ಪ್ರಶ್ನೆ: ನಮ್ಮದು ಮುರಕಲ್ಲಿನ ಗೋಡೆ. 55 ಇಂಚಿನ ಟಿ.ವಿ. ತೂಗುಹಾಕಿದರೆ ತಡೆದೀತೇ? ಪಕ್ಕಕ್ಕೆ ತಿರುಗಿಸುವ ಸ್ಟ್ಯಾಂಡ್ ಹಾಕಬೇಕೆಂದು ಮಕ್ಕಳ ಆಸೆ.
— ಅಡಿಕೆ ಬೆಳೆಗಾರರು, ಪೆರ್ಲ

ತಡೆಯುತ್ತದೆ, ಸರಿಯಾಗಿ ಕೂರಿಸಿದರೆ. ತಿರುಗುವ ಸ್ಟ್ಯಾಂಡಿನ ಆಸೆಯನ್ನು ಮಾತ್ರ ಬಿಡುವುದು ಒಳ್ಳೆಯದು.

ಲೆಕ್ಕ ನೋಡಿ. ಟಿ.ವಿ. 15 ಕಿಲೊ ಎಂದಿಟ್ಟುಕೊಳ್ಳೋಣ. ಗೋಡೆಗೆ ಅಂಟಿದಂತೆ ಕೂರುವ ಬ್ರಾಕೆಟ್ಟಿನಲ್ಲಿ ಅದರ ಭಾರ ಗೋಡೆಯಿಂದ 5 ಸೆಂ.ಮೀ. ದೂರದಲ್ಲಿದೆ, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ಅಂತರ 20 ಸೆಂ.ಮೀ. ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಎಳೆಯುವ ಬಲ 4 ಕಿಲೊಗಿಂತ ಕಡಿಮೆ. ಅದೇ ಟಿ.ವಿ.ಯನ್ನು ತಿರುಗುವ ತೋಳಿನಲ್ಲಿ 40 ಸೆಂ.ಮೀ. ಹೊರಗೆ ಎಳೆದರೆ ಆ ಬಲ 30 ಕಿಲೊ. ಮಗು ಒಂದು ಕೈ ಇಟ್ಟು ಜೋತರೆ ಇನ್ನೂ ಹೆಚ್ಚು. ಮುರಕಲ್ಲು ಕೆಳಮುಖದ ಭಾರವನ್ನು ಚೆನ್ನಾಗಿ ಹೊರುತ್ತದೆ, ಹೊರಗೆಳೆಯುವ ಬಲಕ್ಕೆ ಸೋಲುತ್ತದೆ. ಅದರ ಒಳಗೆಲ್ಲ ತೂತು, ನಡುನಡುವೆ ಮೆತ್ತಗಿನ ಹಳದಿ ಜೇಡಿ. ಪ್ಲಗ್ ಹಿಡಿದುಕೊಳ್ಳಬೇಕಾದ ಕಡೆ ಪುಡಿ ಇರುತ್ತದೆ.

ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಸಣ್ಣ ಪ್ಲಾಸ್ಟಿಕ್ ಪ್ಲಗ್ ಕಾಂಕ್ರೀಟಿಗೆ, ಗಟ್ಟಿ ಇಟ್ಟಿಗೆಗೆ ಸರಿ, ಇದಕ್ಕಲ್ಲ. 10 ಮಿ.ಮೀ. ದಪ್ಪದ, 80 ಮಿ.ಮೀ. ಆದರೂ ಉದ್ದದ ಪ್ಲಗ್ ತರಿಸಿ. ಸಾರಣೆ ಒಂದಿಂಚು ದಪ್ಪ ಇದ್ದರೆ ಅಷ್ಟು ಉದ್ದ ಅಲ್ಲೇ ವ್ಯರ್ಥ, ಹಿಡಿತವಿರುವುದು ಕಲ್ಲಿನೊಳಗೆ ಹೋದ ಭಾಗಕ್ಕೆ ಮಾತ್ರ. ಡ್ರಿಲ್ಲಿನ ಹ್ಯಾಮರ್ ಗುಂಡಿಯನ್ನು ಆಫ್ ಮಾಡಿಸಿ. ಕುಟ್ಟುತ್ತ ಕೊರೆದರೆ ತೂತು ಹನ್ನೆರಡು ಹದಿಮೂರು ಮಿಲಿಮೀಟರಿಗೆ ಅಗಲವಾಗಿಬಿಡುತ್ತದೆ. ಮೊದಲು 6ರ ಬಿಟ್, ಆಮೇಲೆ 10ರ ಬಿಟ್. ಎರಡು ಕಲ್ಲುಗಳ ನಡುವಿನ ಸಂದಿಗೆ ತೂತು ಬೀಳದಿರಲಿ. ಕೊರೆದ ಮೇಲೆ ಪುಡಿಯನ್ನು ಪೂರ್ತಿ ಊದಿ ತೆಗೆಯಬೇಕು. ಈ ಒಂದು ಕೆಲಸ ಬಿಟ್ಟದ್ದರಿಂದಲೇ ಸಡಿಲವಾಗುವ ಪ್ಲಗ್‌ಗಳು ಹೆಚ್ಚು. ಸ್ಕ್ರೂ ಬಿಗಿಯುವಾಗ ಕೊನೆಯ ಎರಡು ಸುತ್ತು ಕೈಗೆ ಗಟ್ಟಿ ಹತ್ತಬೇಕು. ಸುಮ್ಮನೆ ತಿರುಗುತ್ತಲೇ ಇದ್ದರೆ ಆ ತೂತು ಕೆಲಸಕ್ಕೆ ಬಾರದು, ಕಡ್ಡಿ ತುರುಕಿ ಸರಿಮಾಡುತ್ತೇನೆ ಎಂದರೆ ಒಪ್ಪಬೇಡಿ.

ಇನ್ನೂ ಭದ್ರ ಬೇಕೆಂದರೆ ಎರಡು ದಾರಿ. ಒಂದು, ಜಾಲರಿ ಕೊಳವೆ ಇಟ್ಟು ಕೆಮಿಕಲ್ ಆ್ಯಂಕರ್ ತುಂಬಿಸುವುದು. ಅಂಟು ಕಲ್ಲಿನ ತೂತುಗಳಿಗೆ ಇಳಿದು ಬೇರು ಬಿಟ್ಟಂತೆ ಹಿಡಿಯುತ್ತದೆ, ಒಂದು ದಿನ ಒಣಗಲು ಬಿಡಿ. ಇನ್ನೊಂದು ಸುಲಭದ್ದು: ಬ್ರಾಕೆಟ್ಟಿಗಿಂತ ಎರಡು ಪಟ್ಟು ಅಗಲದ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಹಲಗೆಯನ್ನು ಎಂಟು ಕಡೆ ಗೋಡೆಗೆ ಬಿಗಿದು, ಬ್ರಾಕೆಟ್ಟನ್ನು ಹಲಗೆಗೆ ನಟ್ಟು ಬೋಲ್ಟಿನಲ್ಲಿ ಕೂರಿಸುವುದು. ಭಾರ ನಾಲ್ಕರ ಬದಲು ಎಂಟಕ್ಕೆ ಹಂಚಿಹೋಗುತ್ತದೆ. ಹಲಗೆಯನ್ನು ಬಿಗಿಯುವ ಮೊದಲೇ ಬೋಲ್ಟುಗಳನ್ನು ಹಿಂದಿನಿಂದ ತೂರಿಸಿಡಬೇಕು.

ಗೋಡೆ ಆರಿಸುವಾಗ ಮಳೆಗಾಲ ನೆನಪಿಸಿಕೊಳ್ಳಿ. ಪಡುವಣ ಮಳೆ ಹೊಡೆಯುವ ಹೊರಗೋಡೆ ಆಟಿ ತಿಂಗಳಲ್ಲಿ ಒಳಗೂ ತೇವ ಕಾರುತ್ತದೆ. ಒಳಗಿನ ಅಡ್ಡಗೋಡೆಯೇ ಒಳ್ಳೆಯದು. ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಂತೂ ತೂಗುಹಾಕುವ ಯೋಚನೆಯೇ ಬೇಡ, ಮೇಜಿನ ಮೇಲಿಡಿ. ಪರದೆಯ ನಡುಭಾಗ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ 100–110 ಸೆಂ.ಮೀ. ಇರಲಿ. ದೇವರ ಪಟದ ಎತ್ತರಕ್ಕೆ ಏರಿಸಿದರೆ ಕುತ್ತಿಗೆ ನೋವು ಖಂಡಿತ.

ಪ್ರಶ್ನೆ: ಎರಡು ವರ್ಷದಲ್ಲಿ ಎರಡು ಸಲ ಸಿಡಿಲಿಗೆ ಟಿ.ವಿ. ಹೋಯಿತು. ಎರಡನೇ ಸಲ ಪ್ಲಗ್ ತೆಗೆದಿಟ್ಟಿದ್ದೆವು, ಆದರೂ ಹೋಯಿತು. ಸ್ಟೆಬಿಲೈಸರ್ ಹಾಕಿಸಬೇಕೇ?
— ಓದುಗರು, ಮುಳ್ಳೇರಿಯ. ಇದೇ ಬಗೆಯ ಪ್ರಶ್ನೆ ಅಡೂರು, ಬಾಯಾರುಗಳಿಂದ

ಪ್ಲಗ್ ತೆಗೆದರೂ ಟಿ.ವಿ.ಗೆ ಇನ್ನೂ ದಾರಿಗಳಿದ್ದವು. ಮಾಡಿನ ಮೇಲಿನ ಡಿಶ್‌ನಿಂದ ಇಳಿಯುವ ಕೇಬಲ್ ಬಾಕ್ಸಿಗೆ ಬರುತ್ತದೆ, ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಟಿ.ವಿ.ಯ ಮೇನ್ ಬೋರ್ಡಿಗೆ. ಸಿಡಿಲು ಡಿಶ್‌ಗೇ ಬಡಿಯಬೇಕೆಂದಿಲ್ಲ, ಹತ್ತಿರದ ತೆಂಗಿಗೆ ಬಡಿದರೂ ಉದ್ದದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ರಿಪೇರಿಯವರು "ಎಚ್‌ಡಿಎಂಐ ಪೋರ್ಟ್ ಸುಟ್ಟಿದೆ" ಎಂದರೆ ಅದು ಬಂದ ದಾರಿ ಇದೇ. ಇಂಟರ್‌ನೆಟ್ಟಿನ ಫೈಬರ್ ಗಾಜಿನದು, ಅದರಲ್ಲಿ ವಿದ್ಯುತ್ ಬಾರದು. ಆದರೆ ಮೋಡೆಮ್ಮಿನ ಅಡಾಪ್ಟರ್ ಕರೆಂಟಿನಲ್ಲೇ ಇರುತ್ತದೆ, ಅಲ್ಲಿಂದ ಲ್ಯಾನ್ ಕೇಬಲ್ ಟಿ.ವಿ.ಗೆ ಹೋಗಿದ್ದರೆ ಅದೂ ಒಂದು ದಾರಿ.

ಆದ್ದರಿಂದ ತೆಗೆಯಬೇಕಾದದ್ದು ಎಲ್ಲವನ್ನೂ: ಟಿ.ವಿ. ಪ್ಲಗ್, ಬಾಕ್ಸಿನ ಪ್ಲಗ್, ಡಿಶ್ ಕೇಬಲ್, ಲ್ಯಾನ್ ಕೇಬಲ್. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್. ತೆಗೆದ ಡಿಶ್ ಕೇಬಲಿನ ತುದಿ ಟಿ.ವಿ.ಯಿಂದ ಒಂದು ಮಾರು ದೂರವಿರಲಿ. ಇದನ್ನೆಲ್ಲ ಮೋಡ ಕಟ್ಟುವಾಗಲೇ ಮಾಡಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೊಮೀಟರ್ ಒಳಗೆ ಬಂದಾಯಿತು. ಆಮೇಲೆ ತಂತಿ ಮುಟ್ಟಬೇಡಿ, ಟಿ.ವಿ. ಹೋದರೆ ಹೋಗಲಿ. ನಮ್ಮಲ್ಲಿ ಪತ್ತನಾಜೆಯ ಹಿಂದುಮುಂದಿನ ಗುಡುಗು ಮಳೆ ಒಂದು ಕಾಲ, ತುಲಾ ತಿಂಗಳ ಸಂಜೆ ಮಳೆ ಇನ್ನೊಂದು. ಈ ಎರಡು ಕಾಲದಲ್ಲಿ ಮಧ್ಯಾಹ್ನದ ಊಟ ಆದ ಕೂಡಲೇ ಕಳಚಿಡುವ ಅಭ್ಯಾಸ ಒಳ್ಳೆಯದು. ಪ್ಲಗ್ ಪಾಯಿಂಟು ಟಿ.ವಿ.ಯ ಬೆನ್ನಿಗೆ ಸಿಕ್ಕಿಬಿದ್ದಿದ್ದರೆ ಯಾರೂ ಕಳಚುವುದಿಲ್ಲ. ವಯರಿಂಗಿನಲ್ಲೇ ಅದನ್ನು ಕೈಗೆಟಕುವ ಕಡೆ ಕೊಡಿಸಿ.

ಸ್ಟೆಬಿಲೈಸರ್ ಸಿಡಿಲನ್ನು ತಡೆಯುವುದಿಲ್ಲ. ಟಿ.ವಿ.ಯ ಹಿಂದಿನ ಲೇಬಲಿನಲ್ಲಿ 100–240 ವೋಲ್ಟ್ ಎಂದಿದ್ದರೆ ವೋಲ್ಟೇಜ್ ಕಡಿಮೆಯಾದರೂ ಅದು ಸುಧಾರಿಸಿಕೊಳ್ಳುತ್ತದೆ, ಅದಕ್ಕಾಗಿ ಸ್ಟೆಬಿಲೈಸರ್ ಬೇಕಿಲ್ಲ. 220–240 ಎಂದು ಮಾತ್ರ ಇದ್ದು, ಪಂಪು ಓಡುವ ಹೊತ್ತು ವೋಲ್ಟೇಜ್ 170ಕ್ಕೆ ಇಳಿಯುವ ಮನೆಯಾದರೆ ಬೇಕು.

ಸರ್ಜ್ ಪ್ರೊಟೆಕ್ಟರ್ ಉಪಯೋಗಕ್ಕೆ ಬರುತ್ತದೆ, ಆದರೆ ಅರ್ಥಿಂಗ್ ಸರಿ ಇದ್ದರೆ ಮಾತ್ರ. ಹೆಚ್ಚಾದ ವೋಲ್ಟೇಜನ್ನು ಅದು ಭೂಮಿಗೆ ಇಳಿಸಬೇಕು, ಇಳಿಯಲು ದಾರಿಯೇ ಇಲ್ಲದಿದ್ದರೆ ಏನು ಮಾಡೀತು? ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಬೇಸಗೆಗೆ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಮೊದಲ ಗುಡುಗು ಬರುವುದೂ ಆಗಲೇ. ಇದ್ದಲು ಹಾಕಿದ ಅರ್ಥಿಂಗ್ ಹೊಂಡಕ್ಕೆ ಮಾರ್ಚಿಯಿಂದ ವಾರಕ್ಕೆರಡು ಬಾರಿ ನೀರು ಹೊಯ್ಯಿ. ವಯರಿಂಗಿನವರಲ್ಲಿ ಮೀಟರ್ ಇಟ್ಟು ಅಳೆಯಲು ಹೇಳಿ, 5 ಓಮ್‌ಗಿಂತ ಕಡಿಮೆ ಬಂದರೆ ಉತ್ತಮ.

ಸಿಡಿಲಿಗಿಂತ ಬೇರೆ ಒಂದು ಶತ್ರು ಇದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟಿನ ಜಾಗಕ್ಕೆ 400ರ ಹತ್ತಿರ ಬರಬಹುದು. ಕೆಲವು ದೀಪ ಒಮ್ಮೆಲೇ ಪ್ರಖರ, ಕೆಲವು ಮಂಕು ಎಂದು ಕಂಡರೆ ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಆರಿಸಿ. ವೋಲ್ಟೇಜ್ ಮೀರಿದರೆ ತಾನೇ ಕಡಿಯುವ ಓವರ್ ವೋಲ್ಟೇಜ್ ಕಟ್-ಆಫ್ ಹಾಕಿಸಿದರೆ ಟಿ.ವಿ., ಫ್ರಿಜ್ ಎರಡೂ ಉಳಿಯುತ್ತವೆ. ಸ್ಟೆಬಿಲೈಸರಿಗೆ ಕೊಡುವ ಹಣ ಇದಕ್ಕೆ ಕೊಡಿ.

ಪ್ರಶ್ನೆ: ಅಣ್ಣ ದುಬಾಯಿಂದ ಬರುವಾಗ 50 ಇಂಚಿನ ಟಿ.ವಿ. ತರುತ್ತೇನೆ ಎನ್ನುತ್ತಾನೆ. ತರಿಸಬಹುದೇ?
— ಓದುಗರು, ಉಪ್ಪಳ

ಬೇಡ ಎನ್ನುತ್ತೇವೆ. ಪ್ರಯಾಣಿಕರು ತೆರಿಗೆಯಿಲ್ಲದೆ ತರುವ ವಸ್ತುಗಳ ಪಟ್ಟಿಯಿಂದ ಫ್ಲ್ಯಾಟ್ ಟಿ.ವಿ.ಯನ್ನು 2013ರ ಆಗಸ್ಟ್ 26ರಿಂದ ತೆಗೆಯಲಾಯಿತು, ಅಂದಿನಿಂದ ಆ ಹಳೆಯ ಲಾಭ ಹೋಯಿತು. ವೋಲ್ಟೇಜಿನ ತೊಂದರೆ ಇಲ್ಲ, ಅಲ್ಲಿಯೂ ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ತೊಂದರೆ ಆಮೇಲಿನದು. ಆ ಮಾದರಿ ಇಲ್ಲಿ ಮಾರಾಟದಲ್ಲಿ ಇಲ್ಲದಿದ್ದರೆ ಬೋರ್ಡ್, ಪ್ಯಾನೆಲ್ ಸಿಗುವುದಿಲ್ಲ, ವಾರಂಟಿಯೂ ಸಾಧಾರಣವಾಗಿ ಮಾರಿದ ದೇಶಕ್ಕೆ ಸೀಮಿತ. ವಿಮಾನದಲ್ಲಿ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಮೇಲೆ ಬೇರೆ ಸಾಮಾನು ಹೇರಿದರೆ ಪ್ಯಾನೆಲ್ ಒಡೆಯುತ್ತದೆ. ಪ್ಯಾನೆಲ್ ಒಡೆದರೆ ಉಳಿದದ್ದು ಬರೇ ಚೌಕಟ್ಟು, ರಿಪೇರಿ ಎಂಬುದಿಲ್ಲ.

ಪ್ರಶ್ನೆ: ಹಾಗಾದರೆ ಮಂಗಳೂರಿನಿಂದ ತರುವುದೇ, ಕಾಸರಗೋಡಿನಲ್ಲೇ ಕೊಳ್ಳುವುದೇ?
— ಓದುಗರು, ಮಂಜೇಶ್ವರ

ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗೂ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ, ಗಡಿಯ ಆಚೆ ಈಚೆ ದರ ಒಂದೇ. ವಾರಂಟಿಯೂ ದೇಶಕ್ಕೆಲ್ಲ ಒಂದೇ. ನೋಡಬೇಕಾದ್ದು ಸರ್ವಿಸ್. ಕಂಪನಿಯವರು ಜನ ಕಳಿಸುವುದು ಮನೆಯ ಪಿನ್ ಕೋಡ್ ನೋಡಿ, ಬಿಲ್ ಎಲ್ಲಿಯದೆಂದು ನೋಡಿ ಅಲ್ಲ. ಹಣ ಕೊಡುವ ಮೊದಲು ಕಂಪನಿಯ ಟೋಲ್‌ಫ್ರೀಗೆ ಕರೆ ಮಾಡಿ ನಿಮ್ಮ ಪಿನ್ ಕೋಡ್ ಹೇಳಿ, ಮನೆಗೇ ಬರುತ್ತಾರೋ ಅಥವಾ ಟಿ.ವಿ.ಯನ್ನು ನೀವೇ ಸೆಂಟರಿಗೆ ಒಯ್ಯಬೇಕೋ ಎಂದು ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲೇಬೇಕು.

ಜೀಪಿನಲ್ಲೋ ರಿಕ್ಷಾದಲ್ಲೋ ತರುವುದಾದರೆ ಪೆಟ್ಟಿಗೆ ನೆಟ್ಟಗೆ ನಿಂತಿರಬೇಕು, ಮಲಗಿಸಬಾರದು. ತೆರೆಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಆ ದಿನವೇ ಪರದೆ ತುಂಬ ಬಿಳಿ, ಬೂದಿ, ಕೆಂಪು, ಹಸಿರು, ನೀಲಿ, ಕಪ್ಪು ಒಂದೊಂದಾಗಿ ಹಾಕಿ ಸತ್ತ ಚುಕ್ಕಿ, ಕಲೆ, ಅಂಚಿನಿಂದ ಸೋರುವ ಬೆಳಕು ಇವೆಯೇ ನೋಡಿ. ವಾರ ಕಳೆದು ಹೇಳಿದರೆ ಬದಲಾಯಿಸಿ ಕೊಡುವುದು ಕಷ್ಟ.

ಪ್ರಶ್ನೆ: ಕೇಬಲಿನವರ ಪ್ಯಾಕೇಜಿನಲ್ಲಿ ಕನ್ನಡ ಚಾನೆಲ್ ಎರಡೋ ಮೂರೋ ಇವೆ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬೇಡ.
— ಗೃಹಿಣಿ, ಮಧೂರು

2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸುವ ಹಕ್ಕು ನಿಮಗಿದೆ. ಕೇಬಲಿನವರ ಜಾಲದಲ್ಲಿ ಆ ಚಾನೆಲ್ ಇಲ್ಲವೇ ಇಲ್ಲ ಎಂದರೆ ಡಿಟಿಎಚ್ ನೋಡಿ. ಉಪಗ್ರಹದಿಂದ ಇಡೀ ದೇಶಕ್ಕೆ ಬೀಳುವ ಚಾನೆಲಿಗೆ ರಾಜ್ಯದ ಗಡಿ ಇಲ್ಲ. ವಿಳಾಸ ಕೇರಳದ್ದಾದ್ದರಿಂದ ಮಲಯಾಳ ಪ್ಯಾಕನ್ನೇ ಮೊದಲು ಹೇಳುತ್ತಾರೆ, ಕನ್ನಡ ಪ್ಯಾಕ್ ಬೇಕೆಂದು ನೀವೇ ಬಾಯಿಬಿಟ್ಟು ಕೇಳಬೇಕು. ಮಕ್ಕಳ ಮತ್ತು ಕ್ರೀಡೆಯ ಕೆಲವು ಚಾನೆಲ್‌ಗಳಲ್ಲಿ ಕನ್ನಡ ಧ್ವನಿ ಒಳಗೇ ಇರುತ್ತದೆ. ಬಾಕ್ಸಿನ ರಿಮೋಟಿನಲ್ಲಿ ಆಡಿಯೊ ಅಥವಾ ಲ್ಯಾಂಗ್ವೇಜ್ ಗುಂಡಿ ಒತ್ತಿ ನೋಡಿ.

ತಿಂಗಳ ಹಣವೇ ಬೇಡವೆಂದರೆ ಡಿಡಿ ಫ್ರೀ ಡಿಶ್ ಇದೆ, ದೂರದರ್ಶನದ ಚಂದನ ಅದರಲ್ಲಿ ಸಿಗುತ್ತದೆ. ಖಾಸಗಿ ಕನ್ನಡ ಚಾನೆಲ್‌ಗಳನ್ನು ಅದರಲ್ಲಿ ಹೆಚ್ಚು ನಿರೀಕ್ಷಿಸಬೇಡಿ. ಅದರ ಉಪಗ್ರಹ ಜಿಸ್ಯಾಟ್-15 ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಕಾಸರಗೋಡಿನಿಂದ ನೋಡಿದರೆ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 64 ಡಿಗ್ರಿ ಮೇಲೆ. ಆ ಕಡೆ ತೆಂಗಿನ ಮಡಲು ಅಡ್ಡ ಬರದಂತೆ ಡಿಶ್ ಇಡಿಸಿ. ಡಿಶ್‌ನ ತಟ್ಟೆ ಅಷ್ಟು ಮೇಲಕ್ಕೆ ನೋಡಿದಂತೆ ಕಣ್ಣಿಗೆ ಕಾಣುವುದಿಲ್ಲ, ಅದರ ಆಕಾರವೇ ಹಾಗೆ.

ಪ್ರಶ್ನೆ: ನಾಲ್ಕು ವರ್ಷದ 43 ಇಂಚಿನ ಟಿ.ವಿ. ಶಬ್ದ ಬರುತ್ತದೆ, ಚಿತ್ರ ಇಲ್ಲ. ಪ್ಯಾನೆಲ್ ಹೋಗಿದೆ, ಹೊಸತೇ ತೆಗೆದುಕೊಳ್ಳಿ ಎಂದರು.
— ಓದುಗರು, ಪೈವಳಿಕೆ

ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ, ಟಿ.ವಿ. ಹಾಕಿ, ಟಾರ್ಚನ್ನು ಪರದೆಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿಯಿರಿ. ಟಾರ್ಚಿನ ಬೆಳಕು ಬಿದ್ದ ಕಡೆ ಮಸುಕಾಗಿ ಚಿತ್ರ ಅಲುಗುವುದು ಕಂಡರೆ ಪ್ಯಾನೆಲ್ ಸರಿಯಾಗಿಯೇ ಇದೆ, ಹೋದದ್ದು ಬ್ಯಾಕ್‌ಲೈಟ್. ಎಲ್‌ಇಡಿಗಳು ಮಾಲೆಯಂತೆ ಸಾಲಾಗಿ ಜೋಡಿಸಿರುತ್ತವೆ, ಒಂದು ಕಡಿದರೆ ಆ ಸಾಲೆಲ್ಲ ಕತ್ತಲು. ಹಾಕಿದ ಕೂಡಲೇ ಒಂದು ಕ್ಷಣ ಬೆಳಗಿ ಆರಿಹೋಗುತ್ತದೆ ಎಂದರೂ ಇದೇ ಕಾರಣ. ಪಟ್ಟಿಗಳ ಸೆಟ್ಟು ಪ್ಯಾನೆಲ್ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಹೋದ ಒಂದು ಎಲ್‌ಇಡಿಯನ್ನಷ್ಟೇ ಬದಲಿಸದೆ ಪೂರ್ತಿ ಸೆಟ್ಟು ಹಾಕಿಸಿ, ಉಳಿದವೂ ಅಷ್ಟೇ ವಯಸ್ಸಿನವು. ಪ್ಯಾನೆಲನ್ನು ಎತ್ತಿ ತೆಗೆಯುವ ಕೆಲಸ ಇಬ್ಬರದ್ದು, ಅನುಭವ ಇದ್ದವರಲ್ಲೇ ಕೊಡಿ. ಸರಿಯಾದ ಮೇಲೆ ಬ್ಯಾಕ್‌ಲೈಟನ್ನು 70ರ ಮೇಲೆ ಏರಿಸಬೇಡಿ.

ಟಾರ್ಚಿಗೂ ಏನೂ ಕಾಣದಿದ್ದರೆ ಹೋದದ್ದು ಟಿಕಾನ್ ಬೋರ್ಡ್ (ಪ್ಯಾನೆಲಿಗೆ ಚಿತ್ರದ ಸಂಕೇತ ಕಳಿಸುವ ಬೋರ್ಡ್) ಅಥವಾ ಪ್ಯಾನೆಲ್. ಒಳಗೆ ನಾಲ್ಕು ದಿಕ್ಕಿಗೆ ಬಿರುಕು ಹರಡಿದ್ದರೆ ಮಾತ್ರ ಹೊಸತು ತನ್ನಿ. ಹಿಂಬದಿ ಮುಚ್ಚಳವನ್ನು ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಪವರ್ ಬೋರ್ಡಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು.

ಚುಟುಕಾಗಿ

ಬಿಲ್ ಎಷ್ಟು ಏರುತ್ತದೆ? (ಎಣ್ಮಕಜೆ) 100 ವ್ಯಾಟಿನ ಟಿ.ವಿ. ದಿನಕ್ಕೆ 5 ಗಂಟೆ ಓಡಿದರೆ ಅರ್ಧ ಯೂನಿಟ್, ಎರಡು ತಿಂಗಳ ಬಿಲ್ಲಿಗೆ 30 ಯೂನಿಟ್. ನಿಮ್ಮದರ ವ್ಯಾಟ್ ಹಿಂದಿನ ಲೇಬಲಿನಲ್ಲಿದೆ, ಆದರೆ ಅದು ಗರಿಷ್ಠ ಲೆಕ್ಕ.

8ಕೆ ಕೊಳ್ಳಬಹುದೇ? (ಕಾಸರಗೋಡು) ಬೇಡ. ನಮ್ಮಲ್ಲಿ ಆ ಗುಣಮಟ್ಟದ ಚಾನೆಲ್ ಒಂದೂ ಇಲ್ಲ.

ಪರದೆ ಒರೆಸುವುದು ಹೇಗೆ? (ದೇಲಂಪಾಡಿ) ಟಿ.ವಿ. ಆರಿಸಿ, ತಣ್ಣಗಾದ ಮೇಲೆ ಒಣಗಿದ ಮೈಕ್ರೋಫೈಬರ್ ಬಟ್ಟೆಯಲ್ಲಿ. ಕಲೆ ಹೋಗದಿದ್ದರೆ ಬಟ್ಟೆಯ ತುದಿಯನ್ನು ಮಾತ್ರ ನೀರಿನಲ್ಲಿ ಒದ್ದೆ ಮಾಡಿ ಹಿಂಡಿಕೊಳ್ಳಿ. ಗಾಜು ಒರೆಸುವ ನೀಲಿ ದ್ರವ ಬೇಡ, ಪರದೆಯ ಮೇಲಿನ ಲೇಪ ಕಿತ್ತುಬರುತ್ತದೆ. ಪರದೆಗೆ ನೇರ ಏನನ್ನೂ ಸಿಂಪಡಿಸಬೇಡಿ, ಕೆಳಗಿನ ಅಂಚಿಗೆ ಇಳಿದ ಹನಿ ಒಳಗಿನ ಪಟ್ಟಿಯನ್ನು ಕೆಡಿಸುತ್ತದೆ.

ಹಲ್ಲಿ ಒಳಗೆ ಹೋಗಿ ಶಾರ್ಟ್ ಆಯಿತು, ತೂತು ಮುಚ್ಚಬಹುದೇ? (ಬಾಯಾರು) ಮುಚ್ಚಿದರೆ ಬಿಸಿ ಹೊರಹೋಗದೆ ಬೋರ್ಡ್ ಸುಡುತ್ತದೆ. ಗೋಡೆಗೂ ಟಿ.ವಿ.ಗೂ 5 ಸೆಂ.ಮೀ. ಜಾಗ ಬಿಡಿ, ಹಿಂದೆ ಉರಿಯುವ ಅಲಂಕಾರದ ದೀಪ ಹಾಕಬೇಡಿ. ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಹಲ್ಲಿ ಬರುತ್ತದೆ. ಮಳೆಗಾಲದಲ್ಲಿ ಗುಡುಗಿಲ್ಲದ ದಿನ ನೋಡಿ ಅರ್ಧ ಗಂಟೆಯಾದರೂ ಟಿ.ವಿ. ಓಡಿಸಿ, ಒಳಗಿನ ತೇವ ಆರುತ್ತದೆ.